ಸೆಕ್ರೆಟರಿ ರಿಟೈರ್ ಆಗ್ತಾರ, ಸೊಸೈಟಿ ಕೀಲಿಕೈ ಯಾರ ಹತ್ರ?

ಈ ವಾರ ಬೀಜ, ಗೊಬ್ಬರ, ರೋಗದ ಮಾತು ಬೇಡ. ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮೂರಿನ ಪಿಕೆಪಿಎಸ್, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘದ ಸೆಕ್ರೆಟರಿ ಯಾವ ವರ್ಷ ಕೆಲಸಕ್ಕೆ ಸೇರಿದರು ಅಂತ ಮನೆಯಲ್ಲಿ ಅಪ್ಪನ್ನ ಕೇಳಿ ನೋಡಿ. 1988–90ರ ಸುಮಾರಿಗೆ, ಇಪ್ಪತ್ತೈದರ ವಯಸ್ಸಿನಲ್ಲಿ ಸೇರಿದವರಾದರೆ ಅವರಿಗೆ ಈಗ ಅರವತ್ತು ತುಂಬಿದೆ, ಇಲ್ಲಾ ತುಂಬಲಿಕ್ಕೆ ಬಂದಿದೆ. ಇನ್ನು ಚೇರ್ಮನ್‌ರ ವಯಸ್ಸು ಎಷ್ಟು? ಆಡಳಿತ ಮಂಡಳಿಯಲ್ಲಿ ನಲವತ್ತರ ಒಳಗಿನವರು ಎಷ್ಟು ಜನ? ಒಂದು ಕೈಯ ಬೆರಳು ಸಾಕಾಗುತ್ತವೆ ಅನಿಸಿದರೆ ಈ ಲೇಖನ ನಿಮಗೇ ಬರೆದದ್ದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆ ರೈತನ ಬದುಕಿಗೆ ಸೊಸೈಟಿ ಎಷ್ಟು ಹತ್ತಿರ ಅನ್ನೋದು ನಿಮಗೆ ಗೊತ್ತು. ಬೆಳೆ ಸಾಲ ಅಲ್ಲೇ, ಯೂರಿಯಾ-ಡಿಎಪಿ ಅಲ್ಲೇ. ಹೆಸರು, ಕಡಲೆಗೆ ಬೆಂಬಲ ಬೆಲೆ ಖರೀದಿ ಕೇಂದ್ರ ತೆರೆದರೆ ಬಹಳ ಕಡೆ ಪಾಳಿ ಹಚ್ಚುವುದೂ ಅಲ್ಲೇ. ಯಶಸ್ವಿನಿ ಕಾರ್ಡ್ ಬೇಕಂದರೂ ಸಹಕಾರಿ ಸಂಘದ ಸದಸ್ಯತ್ವ ಬೇಕು. ಇಷ್ಟೆಲ್ಲಾ ನಡೆಸುವ ಒಬ್ಬರೋ ಇಬ್ಬರೋ ನೌಕರರು ಮನೆಗೆ ಹೋಗುವ ದಿನಕ್ಕೆ ನಾವು ತಯಾರಿದ್ದೇವಾ ಅನ್ನೋದು ಪ್ರಶ್ನೆ.

ರಿಟೈರ್ ಆದಾಗ ಹೋಗುವುದು ಏನು?

ಸೊಸೈಟಿಯಲ್ಲಿ ಎರಡು ಥರದ ಲೆಕ್ಕ ಇರುತ್ತದೆ. ಒಂದು ಕಿರ್ದಿ, ಖತಾವಣಿ, ಠರಾವು ಬುಕ್ಕಿನಲ್ಲಿ ಬರೆದದ್ದು. ಇನ್ನೊಂದು ಸೆಕ್ರೆಟರಿಯ ತಲೆಯಲ್ಲಿರುವುದು. ಬುಕ್ಕು ಕಪಾಟಿನಲ್ಲಿ ಉಳಿಯುತ್ತದೆ. ತಲೆಯಲ್ಲಿದ್ದದ್ದು ಅವರ ಜೊತೆ ಮನೆಗೆ ಹೋಗುತ್ತದೆ.

ತಲೆಯಲ್ಲಿ ಇರುವುದು ಏನು? ಯಾವ ಮನೆಯಲ್ಲಿ ಅಣ್ಣ-ತಮ್ಮಂದಿರ ಪಾಲಾಗಿದೆ, ಆದರೆ ಉತಾರ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಯಾರ ಸಾಲ ತೀರಿದೆ, ಆದರೆ ಉತಾರದ 11ನೇ ಕಾಲಮ್ಮಿನಲ್ಲಿ ಬೋಜಾ ಇನ್ನೂ ಹಾಗೇ ಉಳಿದಿದೆ. ಕಟಬಾಕಿ ಆದವರಲ್ಲಿ ಯಾರು ಬೆಳೆ ಕೈಕೊಟ್ಟಿದ್ದರಿಂದ ಕಟ್ಟಿಲ್ಲ, ಯಾರು ಬೇಕಂತಲೇ ಕಟ್ಟಿಲ್ಲ. ಡಿಸಿಸಿ ಬ್ಯಾಂಕಿನಲ್ಲಿ ಯಾವ ಕಾಗದ ಯಾವ ಟೇಬಲ್ಲಿಗೆ ಹೋಗಬೇಕು. ಆಡಿಟ್ ಮಾಡುವವರು ಪ್ರತಿ ವರ್ಷ ಯಾವ ಪ್ರಶ್ನೆ ಎತ್ತುತ್ತಾರೆ, ಅದಕ್ಕೆ ಉತ್ತರ ಯಾವ ಫೈಲಿನಲ್ಲಿದೆ. ಇದನ್ನೆಲ್ಲಾ ಯಾರೂ ಎಲ್ಲೂ ಬರೆದಿಟ್ಟಿರುವುದಿಲ್ಲ. ಕೇಳಿದರೆ "ನನಗ ಗೊತ್ತೈತಿ, ನಾ ಅದೀನಲ್ಲ" ಅನ್ನುತ್ತಾರೆ. ಅವರು ಇರುವ ತನಕ ಅದು ನಿಜವೇ.

ಇದರ ಮೇಲೆ ಈಗ ಇನ್ನೊಂದು ಬದಲಾವಣೆ ಬಂದು ಕೂತಿದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರಿಗೆ ತರಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯ ಕೆಲಸ. ಆದರೆ ಇದರ ಒಳಗೊಂದು ತೊಡಕಿದೆ. ಹಳೇ ಕಿರ್ದಿ ಓದಬಲ್ಲವರಿಗೆ ಸಾಫ್ಟ್‌ವೇರ್ ಹೊಸದು, ಸಾಫ್ಟ್‌ವೇರ್ ಬಲ್ಲ ಹುಡುಗನಿಗೆ ಹಳೇ ಕಿರ್ದಿ ಅರ್ಥ ಆಗುವುದಿಲ್ಲ. ಇಪ್ಪತ್ತು ವರ್ಷದ ಹಿಂದಿನ ಒಂದು ಎಂಟ್ರಿ ಕಂಪ್ಯೂಟರಿಗೆ ತಪ್ಪಾಗಿ ಹೋದರೆ, "ಇದು ಹಿಂಗಲ್ಲ, ಹಂಗ" ಅಂತ ಹೇಳಬಲ್ಲ ಒಬ್ಬರೇ ಒಬ್ಬರು ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಅವರಿಬ್ಬರೂ ಒಂದೇ ಟೇಬಲ್ಲಿಗೆ ಕೂತು ಕೆಲಸ ಮಾಡಲು ಸಿಗುವ ಅವಕಾಶ ಈ ಎರಡು-ಮೂರು ವರ್ಷದ್ದು ಮಾತ್ರ.

ಪೆಟ್ಟು ಬೀಳುವುದು ಮುಂಗಾರಿಗೆ

ಇದು ಆಫೀಸಿನ ವಿಷಯ, ನಮಗೇನು ಅನ್ನಬೇಡಿ. ಒಂದು ಊರು ಅಂದುಕೊಳ್ಳಿ. ಸೆಕ್ರೆಟರಿ ಮಾರ್ಚ್ ಕೊನೆಗೆ ರಿಟೈರ್ ಆದರು. ಹಾರ ಹಾಕಿ, ಶಾಲು ಹೊದಿಸಿ ಕಳಿಸಿದ್ದಾಯಿತು. ಹೊಸಬರ ನೇಮಕ ಇನ್ನೂ ಆಗಿಲ್ಲ. ಪಕ್ಕದ ಊರಿನ ಸೆಕ್ರೆಟರಿಗೆ ಪ್ರಭಾರ ಕೊಟ್ಟರು. ಅವರು ವಾರಕ್ಕೆ ಎರಡು ದಿನ ಬರುತ್ತಾರೆ.

ಏಪ್ರಿಲ್, ಮೇ ತಿಂಗಳಲ್ಲಿ ಸಾಲ ನವೀಕರಣ ಆಗಬೇಕು. ರಾಜ್ಯದಲ್ಲಿ 2023–24ರಿಂದ 5 ಲಕ್ಷ ರೂಪಾಯಿ ತನಕದ ಅಲ್ಪಾವಧಿ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ. ಆದರೆ ಒಂದು ಷರತ್ತಿದೆ: ಹೇಳಿದ ತಾರೀಖಿನೊಳಗೆ ತುಂಬಬೇಕು. ತಾರೀಖು ದಾಟಿದರೆ ಬಡ್ಡಿ ಬೀಳುತ್ತದೆ. "ಆಫೀಸ್ ಬಾಗಿಲಾ ತೆಗೆದಿರಲಿಲ್ರಿ" ಅಂದರೆ ಬ್ಯಾಂಕಿನವರು ಕೇಳುವುದಿಲ್ಲ.

ಜೂನ್‌ನಲ್ಲಿ ಮಳೆ ಬಿದ್ದು ಸೋಯಾ, ಗೋವಿನಜೋಳ, ಹೆಸರು ಬಿತ್ತನೆ ಶುರು. ಗೊಬ್ಬರ ಗೋಡೌನಿನಲ್ಲಿದೆ. ಕೊಡಬೇಕಂದರೆ ಪಿಒಎಸ್ ಮಷೀನ್ ಚಾಲೂ ಆಗಬೇಕು. ಅದರ ಲಾಗಿನ್ ಇನ್ನೂ ಹಳೇ ಸೆಕ್ರೆಟರಿ ಹೆಸರಿನಲ್ಲೇ ಉಳಿದಿದ್ದರೆ? ಅದನ್ನು ಬದಲಿಸುವ ಓಡಾಟದಲ್ಲಿ ನಾಲ್ಕು ದಿನ ಹೋದರೆ, ನೀವು ಪೇಟೆಯ ಅಂಗಡಿಗೆ ಹೋಗಿ ಹೆಚ್ಚು ರೊಕ್ಕ ಕೊಟ್ಟು ತರಬೇಕು. ಹದ ತಪ್ಪಿದರೆ ಆ ನಾಲ್ಕು ದಿನ ತಿರುಗಿ ಬರುವುದಿಲ್ಲ.

ಇದು ಯಾವ ಊರಿನ ಕಥೆಯೂ ಅಲ್ಲ, ಆದರೆ ಯಾವ ಊರಿನಲ್ಲೂ ಆಗಬಹುದಾದದ್ದು. ಇದರಲ್ಲಿ ಯಾರ ಮೋಸವೂ ಇಲ್ಲ, ಲಂಚವೂ ಇಲ್ಲ. ಜವಾಬ್ದಾರಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಹೊತ್ತಿಗೆ ನಡುವೆ ಸೇತುವೆ ಇರಲಿಲ್ಲ, ಅಷ್ಟೇ. ಮಳೆ ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಆದರೆ ರಿಟೈರ್ ಆಗುವ ತಾರೀಖು ಕೆಲಸಕ್ಕೆ ಸೇರಿದ ದಿನವೇ ಗೊತ್ತಿರುತ್ತದೆ. ಗೊತ್ತಿದ್ದೂ ತಯಾರಿ ಮಾಡದೇ ಇರುವುದು ಮಾತ್ರ ನಮ್ಮ ತಪ್ಪು.

ಕುರ್ಚಿ ಬಿಡೂದಿಲ್ಲ, ಹುಡುಗರು ಬರೂದಿಲ್ಲ

ನೌಕರರಿಗಾದರೆ ನಿವೃತ್ತಿ ವಯಸ್ಸು ಅಂತ ಒಂದಿದೆ. ನಿರ್ದೇಶಕರಿಗೆ ಅದಿಲ್ಲ. ಐದು ವರ್ಷಕ್ಕೊಮ್ಮೆ ಚುನಾವಣೆ, ಗೆದ್ದರೆ ಮತ್ತೆ ಐದು ವರ್ಷ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ ಮೀಸಲು ಸ್ಥಾನ ಇವೆ. ಚಿಕ್ಕ ವಯಸ್ಸಿನವರಿಗೆ ಇಲ್ಲ.

ಕಟ್ಟೆಯ ಮೇಲೆ ಕೂತರೆ ಎರಡು ಮಾತು ಕೇಳುತ್ತವೆ. ಹುಡುಗರು ಹೇಳುವುದು: "ಹಿರೇರು ಕುರ್ಚಿ ಬಿಡೂದಿಲ್ರಿ." ಹಿರಿಯರು ಹೇಳುವುದು: "ಹುಡುಗ್ರು ಸೊಸೈಟಿ ಕಡೆ ಹಣಿಕಿ ಸೈತ ಹಾಕೂದಿಲ್ಲ, ಮೊಬೈಲ್‌ನ್ಯಾಗ ಇರ್ತಾರ." ಎರಡರಲ್ಲೂ ಅರ್ಧ ಅರ್ಧ ಸತ್ಯ ಇದೆ.

ಹಿರಿಯರ ಪರ ಒಂದು ಮಾತು ಹೇಳಲೇಬೇಕು. ಬರಗಾಲದ ವರ್ಷ ವಸೂಲಿ ನಿಂತಾಗ, ಊರಿನ ಜಗಳ ಸೊಸೈಟಿ ಒಳಗೆ ಬಂದಾಗ ಸಂಘ ಮುಳುಗದಂತೆ ಹಿಡಿದವರು ಅವರೇ. ಸಾಲ ಕಟ್ಟದವನ ಮನೆಗೆ ಹೋಗಿ, ಚಹಾ ಕುಡಿದು, ಅವಮಾನ ಆಗದಂತೆ ರೊಕ್ಕ ಕಟ್ಟಿಸಿಕೊಂಡು ಬರುವ ವಿದ್ಯೆ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಆ ವಿದ್ಯೆಯನ್ನು ಜೊತೆಗೆ ತಿರುಗಾಡಿಯೇ ಕಲಿಯಬೇಕು.

ಹುಡುಗರ ಪರವೂ ಒಂದು ಮಾತಿದೆ. ಅವರಲ್ಲಿ ಬಹಳ ಜನ ಸೊಸೈಟಿಯ ಸದಸ್ಯರೇ ಅಲ್ಲ. ಜಮೀನು ಅಪ್ಪನ ಹೆಸರಿನಲ್ಲಿ, ಕೆಲವು ಕಡೆ ತೀರಿಹೋದ ಅಜ್ಜನ ಹೆಸರಿನಲ್ಲಿ. ಶೇರೂ ಹಾಗೇ. ಹೊಲದಲ್ಲಿ ದುಡಿಯುವವನು ಇಪ್ಪತ್ತೆಂಟರ ಮಗ, ಪಟ್ಟಿಯಲ್ಲಿರುವುದು ಎಪ್ಪತ್ತರ ಅಪ್ಪ. ಮತ ಅಪ್ಪನದು, ಮಹಾಸಭೆ ನೋಟಿಸ್ ಅಪ್ಪನಿಗೆ. ಮಗನಿಗೆ ಸೊಸೈಟಿ ಅಂದರೆ ಗೊಬ್ಬರದ ಚೀಲ ಹೊತ್ತು ತರುವ ಜಾಗ ಮಾತ್ರ. ಅವನು ನಾಯಕ ಆಗುವುದಾದರೂ ಹೇಗೆ?

ನಮ್ಮ ಭಾಗದಲ್ಲಿ ಚಿಕ್ಕ ವಯಸ್ಸಿನ ನಾಯಕತ್ವ ಇರಲೇ ಇಲ್ಲ ಅಂತಲ್ಲ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದದಲ್ಲಿ ನೀರಿನ ಕರದ ವಿರುದ್ಧ ರೈತರು ಎದ್ದು ನಿಂತರು, ಗೋಲಿಬಾರ್ ಆಯಿತು. ಅದರಿಂದ ಬೆಳೆದ ರೈತ ಚಳವಳಿಯಲ್ಲಿ ಮುಂದೆ ಬಂದವರಲ್ಲಿ ಬೈಲಹೊಂಗಲ ಸೀಮೆಯ ಚಿಕ್ಕಬಾಗೇವಾಡಿಯ ಬಾಬಾಗೌಡ ಪಾಟೀಲರು ಒಬ್ಬರು. ಆಗ ಅವರಿಗೆ ಮೂವತ್ತೈದರ ಆಸುಪಾಸು. 1989ರಲ್ಲಿ ಶಾಸಕರಾದರು, 1998ರಲ್ಲಿ ಬೆಳಗಾವಿಯ ಲೋಕಸಭಾ ಸದಸ್ಯರಾಗಿ ಕೇಂದ್ರದಲ್ಲಿ ಮಂತ್ರಿಯೂ ಆದರು. 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ರಾಜಕೀಯ ಒಪ್ಪುವುದು ಬಿಡುವುದು ಬೇರೆ ಮಾತು. ಆ ಪೀಳಿಗೆ ಹಿಂದೆ ಸರಿಯುತ್ತಿದೆ, ಅದರ ಜಾಗದಲ್ಲಿ ಈಗಿನ ಮೂವತ್ತೈದರವರು ಎಲ್ಲಿದ್ದಾರೆ ಅನ್ನುವುದೇ ನಮ್ಮ ಮುಂದಿನ ಮಾತು.

ವಾರಸುದಾರಿಕೆಯ ಪಾಠ ಕಿತ್ತೂರಿನಲ್ಲೇ ಇದೆ

ಕಿತ್ತೂರಿನವರಿಗೆ ವಾರಸುದಾರಿಕೆ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ದೊರೆ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಕಾಯಿಲೆಯ ಕೊನೇ ದಿನಗಳಲ್ಲಿ ದತ್ತಕ ಆಯಿತು. ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ, ಖಜಾನೆಗೆ ಮೊಹರು ಹಾಕಿಸಿದ. ಮುಂದಿನದು ರಾಣಿ ಚೆನ್ನಮ್ಮನ ಚರಿತ್ರೆ. ಅದೇ ಅಕ್ಟೋಬರ್ 23ರ ಗೆಲುವು ನಮಗೆಲ್ಲಾ ಗೊತ್ತು.

ಕಂಪನಿ ಸರ್ಕಾರಕ್ಕೆ ಬೇಕಾಗಿದ್ದದ್ದು ಒಂದು ನೆಪ. ಆದರೆ ಆ ನೆಪ ಸಿಕ್ಕಿದ್ದು ಕೊನೇ ಗಳಿಗೆಯ ಏರ್ಪಾಡಿನಿಂದ. ಸೊಸೈಟಿಗೂ ಇದೇ ಮಾತು. ಒಳಗಿನವರು ಮುಂದಿನವರನ್ನು ಹೊತ್ತಿಗೆ ಸರಿಯಾಗಿ ತಯಾರು ಮಾಡದಿದ್ದರೆ, ಮಂಡಳಿ ಸರಿಯಾಗಿ ನಡೆಯದಿದ್ದರೆ ಇಲಾಖೆ ಆಡಳಿತಾಧಿಕಾರಿಯನ್ನು ನೇಮಿಸುತ್ತದೆ. ಆಗ ಊರಿನ ಸಂಘ ಊರಿನವರ ಕೈಯಲ್ಲಿ ಇರುವುದಿಲ್ಲ. ಇನ್ನೊಂದು ಅಪಾಯವೂ ಇದೆ: ಯಾರನ್ನೂ ಕೇಳದೇ ಮಗನನ್ನೋ ಅಳಿಯನನ್ನೋ ತಂದು ಕೂರಿಸುವುದು. ಸೊಸೈಟಿ ಸಂಸ್ಥಾನ ಅಲ್ಲ. ಅದರ ವಾರಸುದಾರರು ಸದಸ್ಯರೇ.

ಬರೀ ಸೊಸೈಟಿ ಅಲ್ಲ

ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ "ಸಾಹೇಬ್ರು ಇಲ್ರಿ, ಅವರಿಗೆ ಎರಡು ಹೋಬಳಿ ಚಾರ್ಜ್ ಐತಿ" ಅಂತ ಕೇಳಿರುತ್ತೀರಿ. ಹಳಬರು ನಿವೃತ್ತರಾದ ವೇಗಕ್ಕೆ ಹೊಸಬರು ಬಂದಿಲ್ಲ. 2024ರಲ್ಲಿ ಕೆಪಿಎಸ್‌ಸಿ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಸೇರಿ 945 ಹುದ್ದೆಗಳಿಗೆ ಅರ್ಜಿ ಕರೆಯಿತು. ಹೊಸಬರು ಬಂದರೂ ಈ ಭಾಗದ ಎರೆಭೂಮಿ, ಮಸಾರಿಯ ಗುಣ ಅವರಿಗೆ ತಿಳಿಯಲು ನಾಲ್ಕೈದು ಹಂಗಾಮು ಬೇಕು.

ರೈತ ಉತ್ಪಾದಕ ಕಂಪನಿಗಳ ಕಥೆ ಇದಕ್ಕೆ ಉಲ್ಟಾ. ಅಲ್ಲಿ ಸಿಇಒ ಚಿಕ್ಕ ವಯಸ್ಸಿನವರೇ. 2020ರಲ್ಲಿ ಶುರುವಾದ 10,000 ಎಫ್‌ಪಿಒ ಯೋಜನೆಯಲ್ಲಿ ಒಂದು ಕಂಪನಿಗೆ ಮೂರು ವರ್ಷಕ್ಕೆ 18 ಲಕ್ಷ ರೂಪಾಯಿ ತನಕ ನಿರ್ವಹಣೆ ಖರ್ಚು ಸಿಗುತ್ತದೆ, ಸಿಇಒ ಪಗಾರವೂ ಅದರಲ್ಲೇ. ಮೂರು ವರ್ಷ ಮುಗಿದ ಮೇಲೆ ಪಗಾರ ಕಂಪನಿಯ ಗಳಿಕೆಯಿಂದಲೇ ಬರಬೇಕು. ಗಳಿಕೆ ಇಲ್ಲದಿದ್ದರೆ ಸಿಇಒ ಬೇರೆ ಕೆಲಸ ನೋಡಿಕೊಳ್ಳುತ್ತಾನೆ. ಅರವತ್ತಕ್ಕೆ ರಿಟೈರ್ ಆದರೂ, ಮೂವತ್ತಕ್ಕೆ ಬಿಟ್ಟು ಹೋದರೂ ಸಂಸ್ಥೆಗೆ ಬೀಳುವ ಪೆಟ್ಟು ಒಂದೇ: ಎಲ್ಲಾ ತಿಳಿದವನು ಒಬ್ಬನೇ ಇದ್ದ, ಅವನು ಹೋದ.

ಹೊರಗಿನವರು ಏನು ಮಾಡಿದರು?

ಗುಜರಾತಿನ ಆನಂದ್‌ನಲ್ಲಿ ಖೇಡಾ ಹಾಲು ಒಕ್ಕೂಟ ಕಟ್ಟಿದವರು ತ್ರಿಭುವನದಾಸ್ ಪಟೇಲ್. ಅದೇ ಮುಂದೆ ಅಮುಲ್ ಆಯಿತು. 1949ರಲ್ಲಿ ಆನಂದ್‌ಗೆ ಸರ್ಕಾರಿ ಕೆಲಸದ ಮೇಲೆ ಬಂದಿದ್ದ ಇಪ್ಪತ್ತೇಳರ ವರ್ಗೀಸ್ ಕುರಿಯನ್ ಅವರನ್ನು ಪಟೇಲರು ಹಿಡಿದು ನಿಲ್ಲಿಸಿಕೊಂಡು ಸಂಘದ ಕಾರುಬಾರು ಒಪ್ಪಿಸಿದರು. ಊರೂರು ತಿರುಗಿ ರೈತರನ್ನು ಒಟ್ಟು ಮಾಡುವ ಕೆಲಸ ಪಟೇಲರದು, ಡೇರಿ ನಡೆಸುವ ಕೆಲಸ ಕುರಿಯನ್‌ರದು. ಇಬ್ಬರೂ ಎಷ್ಟೋ ವರ್ಷ ಜೊತೆಗಿದ್ದರು. 1970ರ ದಶಕದಲ್ಲಿ ಪಟೇಲರು ತಾವಾಗಿಯೇ ಅಧ್ಯಕ್ಷಗಿರಿ ಬಿಟ್ಟರು. ಆದರೆ ಕುರಿಯನ್ ಅವರು ಗುಜರಾತ್ ಹಾಲು ಮಹಾಮಂಡಳದ ಅಧ್ಯಕ್ಷ ಸ್ಥಾನ ಬಿಟ್ಟದ್ದು 2006ರಲ್ಲಿ, 84ರ ವಯಸ್ಸಿಗೆ, ಅದೂ ಭಿನ್ನಾಭಿಪ್ರಾಯದ ನಡುವೆ. ಅಷ್ಟು ದೊಡ್ಡವರಿಗೂ ಬಿಟ್ಟುಕೊಡುವುದು ಸುಲಭ ಆಗಲಿಲ್ಲ.

ಜಪಾನಿನ 2020ರ ಕೃಷಿ ಗಣತಿಯ ಪ್ರಕಾರ ಅಲ್ಲಿ ಬೇಸಾಯವನ್ನೇ ಮುಖ್ಯ ಕಸುಬು ಮಾಡಿಕೊಂಡವರ ಸರಾಸರಿ ವಯಸ್ಸು 67.8. 1960ರ ಸುಮಾರಿಗೆ 12 ಸಾವಿರದಷ್ಟಿದ್ದ ಕೃಷಿ ಸಹಕಾರ ಸಂಘಗಳು ಒಂದರಲ್ಲೊಂದು ವಿಲೀನ ಆಗುತ್ತಾ ಈಗ 600ಕ್ಕಿಂತ ಕಡಿಮೆ ಉಳಿದಿವೆ. ರೊಕ್ಕ, ಮಷೀನು ಎಲ್ಲಾ ಇರುವ ದೇಶದಲ್ಲೇ ಹೀಗೆ. ಊರಿನ ಸಂಘ ದೂರದ ಪಟ್ಟಣದ ಆಫೀಸ್ ಆಗಿಬಿಟ್ಟರೆ ಸಣ್ಣ ರೈತನ ಮಾತು ಕೇಳುವವರು ಯಾರು?

ನಮ್ಮದು ಹಾಗಾಗಬಾರದು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಬೈಲಹೊಂಗಲದಿಂದ ಅದು ಅಂಥಾ ದೂರವೇನಲ್ಲ. ಮೊದಲು ಶುರು ಮಾಡಿದ ಸೀಮೆಯವರು ನಾವು.

ಈಗ ನೀವು ಮಾಡಬಹುದಾದದ್ದು

ಜಗಳ ಬೇಡ, ಪ್ಯಾನೆಲ್ ಕಟ್ಟುವ ಅವಸರವೂ ಬೇಡ. ಕ್ರಮವಾಗಿ ಹೋಗಿ.

1. ಮೊದಲು ಸದಸ್ಯರಾಗಿ. 18 ತುಂಬಿದ್ದರೆ ಸಾಕು, ಉಳಿದ ಅರ್ಹತೆ ಏನು ಅಂತ ನಿಮ್ಮ ಸೊಸೈಟಿಯ ಬೈಲಾ ಕೇಳಿ ಓದಿ. ಅಜ್ಜನ ಹೆಸರಿನ ಉತಾರ ಇದ್ದರೆ ವಾರಸಾ ಮಾಡಿಸಿ. ತೀರಿಹೋದವರ ಶೇರು ನಾಮಿನಿ ಇಲ್ಲವೇ ವಾರಸುದಾರರ ಹೆಸರಿಗೆ ವರ್ಗ ಆಗುತ್ತದೆ, ಅರ್ಜಿ ಕೊಡಬೇಕು ಅಷ್ಟೇ. ಅವ್ವ, ಹೆಂಡತಿ, ತಂಗಿಯ ಹೆಸರಿನಲ್ಲಿ ಜಮೀನಿದ್ದರೆ ಅವರನ್ನೂ ಸದಸ್ಯರನ್ನಾಗಿ ಮಾಡಿ. ಮಹಿಳಾ ಮೀಸಲು ಸ್ಥಾನಕ್ಕೆ ಬರೀ ಹೆಸರಿಗೆ ಯಾರನ್ನೋ ನಿಲ್ಲಿಸುವುದು ತಪ್ಪಲಿ.

2. ಮಹಾಸಭೆ ತಪ್ಪಿಸಬೇಡಿ. ವಾರ್ಷಿಕ ಮಹಾಸಭೆ ಸೆಪ್ಟೆಂಬರ್ ಒಳಗೆ ಆಗಬೇಕು. ಸಭೆಗಳಿಗೆ ಬಾರದ, ಸಂಘದ ಜೊತೆ ಕನಿಷ್ಠ ವ್ಯವಹಾರ ಮಾಡದ ಸದಸ್ಯರ ಮತದಾನದ ಹಕ್ಕಿಗೆ ಕುತ್ತು ಬರುವ ನಿಯಮ ರಾಜ್ಯದ ಸಹಕಾರ ಕಾಯ್ದೆಯಲ್ಲಿದೆ. ಕಟಬಾಕಿ ಇದ್ದರೂ ಚುನಾವಣೆಗೆ ನಿಲ್ಲಲು ಆಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದ್ದು ಖಾತ್ರಿ ಮಾಡಿಕೊಳ್ಳಿ.

3. ಒಂದು ಪ್ರಶ್ನೆ ಕೇಳಿ. ಸಭೆಯಲ್ಲಿ ಎದ್ದು ನಿಂತು ಗೌರವದಿಂದ ಇಷ್ಟೇ ಕೇಳಿ: "ಸೆಕ್ರೆಟರಿ ಸಾಹೇಬ್ರು ಯಾವಾಗ ನಿವೃತ್ತಿ ಆಗ್ತಾರ್ರಿ? ಮುಂದಿನವರ ತಯಾರಿ ಏನೈತ್ರಿ?" ಇದು ಆರೋಪ ಅಲ್ಲ. ಉತ್ತರ ಸಭೆಯ ನಡಾವಳಿಯಲ್ಲಿ ಬರೆದುಕೊಳ್ಳಲಿ.

4. ಆರು ತಿಂಗಳ ಜೋಡಿ ಕೆಲಸಕ್ಕೆ ಠರಾವು ಮಾಡಿಸಿ. ನಿವೃತ್ತಿಗೆ ಕನಿಷ್ಠ ಆರು ತಿಂಗಳು ಮೊದಲು ಹೊಸಬರು ಬರಬೇಕು. ಒಂದು ಸಾಲ ವಸೂಲಿ, ಒಂದು ಸಾಲ ಹಂಚಿಕೆ, ಒಂದು ಆಡಿಟ್ ಇಬ್ಬರೂ ಕೂಡಿ ಮಾಡಬೇಕು. ನೇಮಕ ಇಲಾಖೆಯ ನಿಯಮದಂತೆ, ಎಲ್ಲರಿಗೂ ತಿಳಿಯುವಂತೆ ಆಗಲಿ.

5. ಹಸ್ತಾಂತರದ ಪಟ್ಟಿ ಬರೆಸಿ. ಎರಡು ಪುಟ ಸಾಕು. ಅದರಲ್ಲಿ ಇರಬೇಕಾದವು: ಕಂಪ್ಯೂಟರ್, ಪಿಒಎಸ್ ಮಷೀನಿನ ಲಾಗಿನ್ ಯಾರ ಹೆಸರಿನಲ್ಲಿವೆ, ಬ್ಯಾಂಕಿನಲ್ಲಿ ಸಹಿ ಯಾರದು, ಗೋಡೌನಿನ ದಾಸ್ತಾನು, ಕಟಬಾಕಿದಾರರ ಪಟ್ಟಿ ಮತ್ತು ನಡೆದಿರುವ ದಾವೆಗಳ ತಾರೀಖು, ಸಾಲ ತೀರಿದರೂ ಬೋಜಾ ಇಳಿಯದ ಉತಾರಗಳು, ನಾಮಿನಿ ಇಲ್ಲದ ಶೇರುದಾರರು.

6. ಮೊಬೈಲ್ ಕೈಯಲ್ಲಿದೆ, ಉಪಯೋಗಿಸಿ. ಹಳೇ ಠರಾವು ಬುಕ್ಕಿನ ಪುಟ ಫೋಟೋ ತೆಗೆದು ಇಡಲು ಮಂಡಳಿಯ ಒಪ್ಪಿಗೆ ಕೇಳಿ. ಹಿರಿಯ ನಿರ್ದೇಶಕರು ಒಪ್ಪಿದರೆ ಸಂಘದ ಇತಿಹಾಸ ಅವರ ಬಾಯಲ್ಲೇ ರೆಕಾರ್ಡ್ ಮಾಡಿ. ಯಾರ ಸಾಲದ ಲೆಕ್ಕವನ್ನೂ ಗ್ರೂಪ್‌ಗೆ ಹಾಕಬೇಡಿ. ನಿಮ್ಮ ಖಾತೆ ನೋಡುವ ಹಕ್ಕು ನಿಮ್ಮದು, ಇನ್ನೊಬ್ಬರ ಖಾತೆ ಅವರದು.

7. ಕಲಿಯುವ ದಾರಿ ಇದೆ. ಡಿಗ್ರಿ ಮುಗಿಸಿ ಊರಲ್ಲೇ ಇರುವವರಿಗೆ ರಾಜ್ಯ ಸಹಕಾರ ಮಹಾಮಂಡಳದ ತರಬೇತಿ ಸಂಸ್ಥೆಗಳಲ್ಲಿ ಡಿಸಿಎಂ ಅನ್ನುವ ಸಹಕಾರ ಡಿಪ್ಲೊಮಾ ಇದೆ. ಬೇಸಾಯದ ವಿಷಯಕ್ಕೆ ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಹತ್ತಿರವೇ ಇದೆ.

8. ಹಿರಿಯರನ್ನು ಕಳಿಸಿಬಿಡಬೇಡಿ. ಕುರ್ಚಿ ಬಿಟ್ಟ ಮೇಲೂ ವಸೂಲಿಗೆ, ವ್ಯಾಜ್ಯ ಬಗೆಹರಿಸಲು ಅವರನ್ನು ಸಲಹೆಗಾರರಾಗಿ ಕರೆಯಿರಿ. ಮಾನ ಉಳಿಯುತ್ತದೆ ಅಂತ ಗೊತ್ತಾದರೆ ಕುರ್ಚಿ ಬಿಡುವುದು ಅವರಿಗೂ ಹಗುರ.

ಕೊನೆಯದಾಗಿ

"ನಾ ಚುನಾವಣೆಗೆ ನಿಲ್ಲೂ ಮನಶ್ಯಾ ಅಲ್ರಿ" ಅನ್ನುವವರೇ ಬಹಳ ಜನ. ನಿಲ್ಲಬೇಕು ಅಂತ ಯಾರೂ ಹೇಳುತ್ತಿಲ್ಲ. ಒಂದು ಸೊಸೈಟಿಯಲ್ಲಿ ಲೆಕ್ಕ ಓದಲು ಬರುವ ಹತ್ತು ಜನ ಯುವ ಸದಸ್ಯರಿದ್ದರೆ ಸಾಕು, ಸೆಕ್ರೆಟರಿ ಯಾರೇ ಬರಲಿ, ಚೇರ್ಮನ್ ಯಾರೇ ಆಗಲಿ, ಸಂಘ ದಾರಿ ತಪ್ಪುವುದಿಲ್ಲ.

ಈ ವಾರ ಒಂದೇ ಕೆಲಸ ಮಾಡಿ. ಸೊಸೈಟಿಗೆ ಹೋಗಿ ನಿಮ್ಮ ಮನೆಯ ಶೇರು ಯಾರ ಹೆಸರಿನಲ್ಲಿದೆ, ನಾಮಿನಿ ಯಾರು, ಹೋದ ಮಹಾಸಭೆಯಲ್ಲಿ ಹಾಜರಿ ಬಿದ್ದಿದೆಯಾ ಅಂತ ಕೇಳಿಕೊಂಡು ಬನ್ನಿ. ಹಂಗೇ ಸೆಕ್ರೆಟರಿಯವರ ಜೊತೆ ಒಂದು ಕಪ್ ಚಹಾ ಕುಡಿದು ಬನ್ನಿ. ಅವರಿಗೆ ಹೇಳುವುದು ಬಹಳ ಇರುತ್ತದೆ, ಇಷ್ಟು ವರ್ಷ ಕೇಳುವವರು ಇರಲಿಲ್ಲ.